ಹನ್ನೊಂದರಿಂದ ಹದಿನೇಳನೆಯ ಗೂಟದವರೆಗೆ

ಅತ್ತೆ,

ಇವತ್ತು ಗುರುವಾರ. ಉಪ್ಸಾಲಾದಲ್ಲಿ ಬೆಳಿಗ್ಗೆ ಈ ವರ್ಷದ ಮೊದಲ ಹಿಮ ಬಿತ್ತು. ಅಳೆಯುವಷ್ಟಿಲ್ಲ, ಹುಲ್ಲಿನ ತುದಿಗಳು ಇನ್ನೂ ಮೇಲೆ ಕಾಣುತ್ತಿವೆ. ನಿಮ್ಮ ಮೊಮ್ಮಗಳು ಇರಾಳನ್ನು ಇಲ್ಲಿನ ಶಿಶುವಿಹಾರ ದಾಗಿಸ್‌ನಲ್ಲಿ ಬಿಟ್ಟು ಬಂದು, ಅಡುಗೆಮನೆಯ ಮೇಜಿನ ಮೇಲೆ ನಿಮ್ಮ ನೋಟ್‌ಬುಕ್ ಇಟ್ಟುಕೊಂಡು ಕೂತಿದ್ದೇನೆ. ನೀವು ಹೋಗಿ ಹದಿನಾರು ತಿಂಗಳಾಯಿತು. ಅಷ್ಟು ದಿನದಿಂದಲೂ ಈ ಪತ್ರವನ್ನು ಮನಸ್ಸಿನಲ್ಲೇ ಶುರು ಮಾಡುತ್ತೇನೆ, ಮೊದಲ ಸಾಲು ಮುಗಿಯುವಷ್ಟರಲ್ಲಿ ಏನೋ ಕೆಲಸ ನೆನಪು ಮಾಡಿಕೊಂಡು ಎದ್ದುಬಿಡುತ್ತೇನೆ. ಇವತ್ತು ಏಳುವುದಿಲ್ಲ.

ನೀವು ಅರ್ಲಾಂಡಾ ವಿಮಾನ ನಿಲ್ದಾಣದಿಂದ ಹೊರಗೆ ಬಂದ ಆ ಜನವರಿಯ ಮಧ್ಯಾಹ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಗಾವತಿ ಬಿಟ್ಟು ಬೆಂಗಳೂರಿನಿಂದ ಆಚೆಗೆ ಹೋಗದವರು ನೀವು. ಬಾಗಿಲ ಹೊರಗೆ ಕಾಲಿಟ್ಟವರೇ ನಿಂತುಬಿಟ್ಟಿರಿ. ಕೈಗವಸು ತೆಗೆದು ಅಂಗೈ ಚಾಚಿದಿರಿ. ಅಮ್ಮನಿಗೆ ಚಳಿಯಾಗುತ್ತದೆಂದು ನಿಮ್ಮ ಮಗ ಅವಸರ ಮಾಡುತ್ತಿದ್ದರೆ ನೀವು ನನ್ನ ಕಡೆ ತಿರುಗಿ, "ಮಗನ ಹೆಸರೂ ಮಂಜು, ಮ್ಯಾಲಿಂದ ಬೀಳೋದೂ ಮಂಜು. ಕರದ್ರ ಯಾರು ಬರ್ತಾರ?" ಅಂದಿರಿ. ನಾನು ಎಂಟೂವರೆ ತಿಂಗಳ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಿಜ ಹೇಳಬೇಕೆಂದರೆ ಅಲ್ಲಿಯವರೆಗೆ ನಿಮ್ಮ ಬಗ್ಗೆ ಭಯವಿತ್ತು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಸೂರಿನಡಿ ಇದ್ದದ್ದು ಎಲ್ಲ ಸೇರಿ ಮೂರು ವಾರ. ತುಮಕೂರಿನ ನನಗೆ ನಿಮ್ಮ ಮಾತಿನ ಧಾಟಿ ಗದರಿದ ಹಾಗೆ ಕೇಳುತ್ತಿತ್ತು. ಸರ್ಕಾರಿ ಶಾಲೆಯಲ್ಲಿ ಮೂವತ್ನಾಲ್ಕು ವರ್ಷ ಲೆಕ್ಕ ಕಲಿಸಿ ನಿವೃತ್ತರಾದವರು, ಬಾಣಂತನಕ್ಕೆಂದು ತೊಂಬತ್ತು ದಿನದ ವೀಸಾದ ಮೇಲೆ ಬಂದಿದ್ದಿರಿ. ತೊಂಬತ್ತು ದಿನ ಹೇಗಪ್ಪಾ ಕಳೆಯುವುದು ಎಂದು ನಾನು ಅಂದುಕೊಂಡಿದ್ದೆ. ಈಗ ಆ ಲೆಕ್ಕ ನೆನೆದರೆ...

ಮೊದಲ ಗುರುವಾರ ನನ್ನ ಜೊತೆ ಹೊಲಕ್ಕೆ ಬಂದಿರಲ್ಲ, ಅದು ನನ್ನ ಹೆರಿಗೆಗೆ ಮುಂಚಿನ ಕೊನೆಯ ಅಳತೆ. ಊರ ಹೊರಗೆ ಬಸ್ಸಿಳಿದು ಹತ್ತು ನಿಮಿಷ ನಡೆದರೆ ಬಿರ್ಗಿಟ್ ಎಂಬ ರೈತ ಮಹಿಳೆಯ ಬಯಲು, ಅದರಾಚೆ ಸ್ಪ್ರೂಸ್ ಮರಗಳ ಕಾಡು. ಬಯಲಿನಿಂದ ಕಾಡಿನೊಳಗೆ ನೇರವಾಗಿ ಮೂವತ್ತು ಗೂಟ ನೆಟ್ಟಿದ್ದೆ. ಮೊದಲ ಹತ್ತು ಬಯಲಲ್ಲಿ, ಹನ್ನೊಂದರಿಂದ ಹದಿನೇಳು ಕಾಡಿನ ಅಂಚಿನಲ್ಲಿ, ಉಳಿದವು ಮರಗಳ ಕೆಳಗೆ. ಪ್ರತಿ ವಾರ ಒಂದೊಂದು ಗೂಟದ ಬಳಿಯೂ ಲೋಹದ ಅಳತೆಕೋಲನ್ನು ಹಿಮಕ್ಕೆ ಮೂರು ಸಲ ಚುಚ್ಚಿ ಆಳ ಬರೆದುಕೊಳ್ಳುವುದು, ಅಷ್ಟೇ ಕೆಲಸ. ಗಾಳಿ ಬಯಲಿನ ಹಿಮ ಬಾಚಿ ಅಂಚಿಗೆ ತಂದು ಸುರಿಯುತ್ತದೆ, ಮರಗಳು ಅರ್ಧ ಹಿಮವನ್ನು ಕೊಂಬೆಯಲ್ಲೇ ಹಿಡಿದುಕೊಳ್ಳುತ್ತವೆ, ಹಾಗಾಗಿ ಹತ್ತು ಹೆಜ್ಜೆಗೊಂದು ಆಳ. ಉಪಗ್ರಹ ಮೇಲಿನಿಂದ ನೋಡುವುದಿಲ್ಲವೇ ಎಂದು ಕೇಳಿದಿರಿ. ಬೆಳ್ಳಗಿದೆ ಎನ್ನುವುದಷ್ಟೇ ಅದಕ್ಕೆ ಚೆನ್ನಾಗಿ ಕಾಣುತ್ತದೆ, ಎಷ್ಟು ಆಳ ಎನ್ನುವುದು ಕಾಣುವುದಿಲ್ಲ, ಮರದ ಕೆಳಗಂತೂ ಅದಕ್ಕೆ ಕಣ್ಣೇ ಇಲ್ಲ ಅಂದೆ. ವಸಂತದಲ್ಲಿ ಎಷ್ಟು ನೀರು ಹರಿದು ಬರುತ್ತದೆ ಎಂದು ತಿಳಿಯಲು ಈ ಆಳ ಬೇಕು ಅಂದೆ. ಸಾಲುಗೂಟಗಳನ್ನು ಸ್ವಲ್ಪ ಹೊತ್ತು ನೋಡಿ, ಒಂದೇ ಕ್ಲಾಸಿನ ಮಕ್ಕಳ ಹಾಗಿವೆ, ಒಬ್ಬರಂತೆ ಒಬ್ಬರಿಲ್ಲ ಎಂದಿರಿ. ನಾಲ್ಕು ವರ್ಷದ ನನ್ನ ಸಂಶೋಧನೆಯನ್ನು ಅಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ.

ಇರಾ ಹುಟ್ಟಿ ನಾಲ್ಕನೆಯ ದಿನ ನಾನು ಮಂಚದ ಮೇಲೆ ಕೂತು ಅಳುತ್ತಿದ್ದದ್ದು ನೆನಪಿದೆಯಾ? ಮಗು ಹಾಲು ಕುಡಿಯದ್ದಕ್ಕೆ ಎಂದು ಮಂಜು ತಿಳಿದಿದ್ದರು. ಅಲ್ಲ. ನನ್ನ ಬದಲು ಅಳೆಯಬೇಕಿದ್ದ ಸಹೋದ್ಯೋಗಿ ಉತ್ತರದ ಬೆಟ್ಟಗಳಲ್ಲೇ ಉಳಿಯಬೇಕಾಗಿ ಬಂದಿತ್ತು. ನನ್ನ ಗೈಡ್ ತುಂಬ ಒಳ್ಳೆಯವರು, ರಜೆ ಎಂದರೆ ರಜೆ, ಆ ವಾರಗಳನ್ನು ಖಾಲಿ ಬಿಡು ಅಂದರು. ನನಗೆ ಆಗಲಿಲ್ಲ. ಮೂರು ಚಳಿಗಾಲ ಒಂದು ವಾರವೂ ತಪ್ಪದೆ ಬಂದ ಸಾಲು ಅದು. ನೀವು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, "ಗುರುವಾರ ನಾ ಹೋಗ್ತೀನಿ. ಬಸ್ ನಂಬರ್ ಬರದು ಕೊಡು" ಅಂದಿರಿ. ಮಂಜು ಬೇಡವೆಂದರು, ಜಾರುತ್ತದೆ ಅಂದರು. ನೀವು ಅವರ ಕಡೆ ತಿರುಗಿಯೂ ನೋಡಲಿಲ್ಲ.

ಹಾಗೆ ನೀವು ಹೋಗತೊಡಗಿದಿರಿ. ನನ್ನ ದಪ್ಪ ಪ್ಯಾಂಟು, ಮಂಜುವಿನ ಜಾಕೆಟ್ಟು, ತಲೆಗೆ ನೀವೇ ತಂದಿದ್ದ ಕಂದು ಮಫ್ಲರ್. ಕೈಯಲ್ಲಿ ನಿಮ್ಮಷ್ಟೇ ಎತ್ತರದ ಕೋಲು. ಬೆಳಿಗ್ಗೆ ಹತ್ತಕ್ಕೆ ಹೊರಟರೆ ಎರಡಕ್ಕೆ ವಾಪಸು. ಬಿರ್ಗಿಟ್ ನಿಮ್ಮನ್ನು ಒಳಗೆ ಕರೆದು ಫೀಕಾಗೆ ಕೂರಿಸುತ್ತಾರೆಂದು, ಕಾಫಿಯ ಜೊತೆ ಏಲಕ್ಕಿ ಹಾಕಿದ ಬನ್ನು ಕೊಡುತ್ತಾರೆಂದು ಹೇಳುತ್ತಿದ್ದಿರಿ. ಅವರಿಗೆ ಸ್ವೀಡಿಷ್ ಬಿಟ್ಟು ಬೇರೆ ಬಾರದು, ನಿಮಗೆ ಕನ್ನಡ. ಏನು ಮಾತಾಡಿಕೊಳ್ಳುತ್ತಿದ್ದಿರೋ. ಮನೆಗೆ ಬಂದು ಕೈಕಾಲು ತೊಳೆದು ಮಗುವನ್ನು ಎತ್ತಿಕೊಳ್ಳುವ ಮೊದಲು ನೋಟ್‌ಬುಕ್ಕನ್ನು ನನ್ನ ದಿಂಬಿನ ಪಕ್ಕ ಇಡುತ್ತಿದ್ದಿರಿ. ಹಾಜರಿ ಪುಸ್ತಕದ ಹಾಗೆ ಗೆರೆ ಹಾಕಿ, ಸಂಖ್ಯೆಗಳನ್ನೆಲ್ಲ ಕನ್ನಡ ಅಂಕಿಯಲ್ಲಿ ಬರೆದಿರುತ್ತಿದ್ದಿರಿ. ಬಲಗಡೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಏನೇನೋ ಟಿಪ್ಪಣಿ. ನಾನು ಅಂಕಿಗಳನ್ನಷ್ಟೇ ಕಂಪ್ಯೂಟರಿಗೆ ಹಾಕುತ್ತಿದ್ದೆ. ಟಿಪ್ಪಣಿ ಓದಲಿಲ್ಲ, ಅತ್ತೆ. ಒಂದೇ ಒಂದು ಸಲವೂ ಓದಲಿಲ್ಲ.

ಆ ಎರಡನೆಯ ಗುರುವಾರದ ಸಂಜೆ ಹೇಗೆ ಬರೆಯಲಿ? ನಾನೇ ಕೊನೆಯ ಸಲ ಅಳೆದಾಗ ಹದಿನಾಲ್ಕನೆಯ ಗೂಟದಲ್ಲಿ ಇಪ್ಪತ್ತೆರಡು ಸೆಂಟಿಮೀಟರ್ ಇತ್ತು. ನಿಮ್ಮ ಮೊದಲ ಅಳತೆಯಲ್ಲಿ ಮೂವತ್ತಾರು, ಎರಡನೆಯದರಲ್ಲಿ ಮೂವತ್ನಾಲ್ಕು. ಅದೊಂದೇ ಅಲ್ಲ, ಹನ್ನೊಂದರಿಂದ ಹದಿನೇಳರವರೆಗೆ ಏಳೂ ಗೂಟಗಳಲ್ಲಿ ಹಾಗೇ ಏರಿಕೆ. ನಡುವೆ ಹೊಸ ಹಿಮ ಬಿದ್ದಿರಲಿಲ್ಲ, ಗಾಳಿಯೂ ಇರಲಿಲ್ಲ. ಬಿದ್ದ ಹಿಮ ದಿನ ಕಳೆದಂತೆ ಕುಸಿಯುತ್ತದೆಯೇ ಹೊರತು ಏರುವುದಿಲ್ಲ. ಗ್ರಾಫ್ ನೋಡಿ ಗೈಡ್ ಮೇಲ್ ಮಾಡಿದ್ದರು, ಇದೇನಿದು ಅಂತ. ನನಗೆ ನಾಚಿಕೆಯಾಯಿತು. ನಿದ್ದೆಯಿಲ್ಲದೆ ತಲೆ ಸಿಡಿಯುತ್ತಿತ್ತು. ನೀವು ಮಗುವಿಗೆ ಎಣ್ಣೆ ಹಚ್ಚುತ್ತಿದ್ದಿರಿ.

"ಗೊತ್ತಾಗದೇ ಇದ್ರೆ ಗೊತ್ತಾಗಲಿಲ್ಲ ಅಂತ ಬರೀರಿ ಅತ್ತೆ. ಅಂದಾಜಿಗೆ ನಂಬರ್ ಹಾಕಬೇಡಿ. ಇದು ಡೇಟಾ."

ನಿಮ್ಮ ಕೈ ಮಗುವಿನ ಬೆನ್ನ ಮೇಲೇ ನಿಂತಿತು. "ಅಂದಾಜು ಅಲ್ಲ ಸುಮಾ. ಕೋಲು ಮಧ್ಯದಾಗ ಟಕ್ ಅಂತ ತಡೀತದ. ಅದು ನೆಲ ಅಲ್ಲ. ಇನ್ನ ಸ್ವಲ್ಪ ಭಾರ ಹಾಕಿದ್ರ ಒಳಗ ಹೋಗ್ತದ. ನೆಲ ಮುಟ್ಟೋ ತನಕ ಒತ್ತೀನಿ."

"ಹಾಗಾದ್ರೆ ಮೂರು ವರ್ಷದಿಂದ ನಾನು ತಪ್ಪು ಅಳೀತಿದ್ದೀನಾ?"

ಎಷ್ಟು ಜೋರಾಗಿ ಅಂದೆನೋ, ಇರಾ ಬೆಚ್ಚಿಬಿದ್ದಳು. ನೀವು ಅವಳನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿರಿ. ನನ್ನನ್ನು ನೋಡದೆ, "ಮೂವತ್ನಾಲ್ಕು ವರ್ಷ ಲೆಕ್ಕ ಕಲಿಸೀನಿ. ಯಾವ ಮಗೂಗೂ ಅಂದಾಜಿಗೆ ಒಂದು ಮಾರ್ಕ್ಸ್ ಹಾಕಿಲ್ಲ" ಅಂದಿರಿ. ಆಮೇಲೆ ಆ ಮಾತನ್ನು ಎತ್ತಲೇ ಇಲ್ಲ.

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ಮರುದಿನ ಬೆಳಿಗ್ಗೆ ಗೈಡ್‌ಗೆ, ತರಬೇತಿ ಇಲ್ಲದ ಮನೆಯವರೊಬ್ಬರು ಅಳೆದದ್ದು, ತಪ್ಪಾಗಿದೆ ಎಂದು ಬರೆದೆ. ಅಂಚಿನ ಏಳು ಗೂಟಗಳ ನಿಮ್ಮ ಅಂಕಿಗಳನ್ನೆಲ್ಲ ಅಳಿಸಿ, ಆ ಜಾಗದಲ್ಲಿ 'ಅಳೆದವರ ತಪ್ಪು' ಎಂದು ಗುರುತು ಹಾಕಿದೆ. ಆಮೇಲೂ ನೀವು ಪ್ರತಿ ಗುರುವಾರ ಹೋದಿರಿ. ನೋಟ್‌ಬುಕ್ ದಿಂಬಿನ ಪಕ್ಕಕ್ಕೆ ಬರುತ್ತಲೇ ಇತ್ತು. ಬಾಣಂತಿಗೆ ಬಿಸಿನೀರು, ಮೆಂತ್ಯದ ಗಂಜಿ, ಇರಾಳಿಗೆ ಕಾಡಿಗೆ, ಯಾವುದರಲ್ಲೂ ಒಂದಿಷ್ಟೂ ಕಡಿಮೆಯಾಗಲಿಲ್ಲ. ನಿಮಗೆ ಕೋಪವಿಲ್ಲ ಎಂದು ನಾನು ನನಗೇ ಹೇಳಿಕೊಂಡೆ. ಹಾಗೆ ಅಂದುಕೊಂಡರೆ ನನಗೆ ಸುಲಭವಾಗುತ್ತಿತ್ತು, ಅಲ್ಲವೇ?

ಏಪ್ರಿಲ್‌ನಲ್ಲಿ ನೀವು ಹೊರಟ ದಿನ ಕಾಡಿನೊಳಗೆ ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಹಿಮ ಉಳಿದಿತ್ತು. ಊರಿಗೆ ಹೋದಮೇಲೆ ದಿನಾ ವಿಡಿಯೋ ಕಾಲ್. ಇರಾ ಮಗುಚಿಕೊಂಡಳೇ, ಹಲ್ಲು ಬಂತೇ, ಅವೇ ಪ್ರಶ್ನೆಗಳು. ಮೇ ತಿಂಗಳಲ್ಲಿ ಒಮ್ಮೆ ಮಾತ್ರ, ಇನ್ನೇನು ಫೋನ್ ಇಡಬೇಕು ಅನ್ನುವಾಗ, "ಅಂಚಿನಾಗಿನ ಹಿಮ ಪೂರ್ತಿ ಹೋಯ್ತೇನು?" ಎಂದು ಕೇಳಿದಿರಿ. ಹೋಯಿತು ಅತ್ತೆ ಅಂದೆ. ನೀವು ಹೂಂ ಅಂದು ಸುಮ್ಮನೆ ನನ್ನನ್ನೇ ನೋಡಿದಿರಿ. ಏನಾದರೂ ಹೇಳುತ್ತೇನೆಂದು ಕಾದಿರಾ? ನನಗೆ ಹಾಗನ್ನಿಸಿತು. ಇರಾಳ ಟೋಪಿ ಸರಿ ಮಾಡುವ ನೆವದಲ್ಲಿ ಕ್ಯಾಮೆರಾದಿಂದ ಪಕ್ಕಕ್ಕೆ ಸರಿದುಬಿಟ್ಟೆ.

ಜುಲೈಯಲ್ಲಿ ನಿಮ್ಮ ತಂಗಿಯ ಫೋನ್ ಬಂತು. ಬೆಳಿಗ್ಗೆ ಎದೆನೋವು ಅಂದವರು ಆಸ್ಪತ್ರೆ ಮುಟ್ಟುವಷ್ಟರಲ್ಲಿ... ಮಂಜು ಸಿಕ್ಕ ವಿಮಾನ ಹತ್ತಿದರು. ಇರಾಳ ಪಾಸ್‌ಪೋರ್ಟ್ ಇನ್ನೂ ಬಂದಿರಲಿಲ್ಲ. ಐದು ತಿಂಗಳ ಕೂಸನ್ನು ಬಿಟ್ಟು ನಾನು ಹೋಗುವಂತಿರಲಿಲ್ಲ. ನಿಮ್ಮನ್ನು ಮಣ್ಣು ಮಾಡುವಾಗ ನಾನು ಇಲ್ಲಿ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದೆ. ಬೇಕೆಂದಲ್ಲ. ಕೈಗೆ ಏನಾದರೂ ಬೇಕಿತ್ತು.

ಮುಂದಿನ ಫೆಬ್ರವರಿಯ ಒಂದು ಮಧ್ಯಾಹ್ನ, ಹದಿನಾಲ್ಕನೆಯ ಗೂಟದ ಬಳಿ ನಾನು ನಿಂತಿದ್ದೆ. ಆ ವರ್ಷವೂ ಜನವರಿಯಲ್ಲಿ ಒಂದು ದಿನ ಮಳೆ ಬಂದು, ಮತ್ತೆ ಚಳಿ ಕೊರೆದು, ಮೇಲೆ ಹಿಮ ಬಿದ್ದಿತ್ತು. ಕೋಲು ಚುಚ್ಚಿದೆ. ಟಕ್ ಅಂದಿತು. ಓದಿಕೊಂಡೆ: ಹತ್ತೊಂಬತ್ತು. ಅವತ್ತು ಹಿಮದ ತೂಕವನ್ನೂ ನೋಡಬೇಕಿದ್ದರಿಂದ ಅಲ್ಲೇ ಪಕ್ಕದಲ್ಲಿ ಸಲಿಕೆಯಿಂದ ಗುಂಡಿ ತೋಡಿದೆ. ಹತ್ತೊಂಬತ್ತಕ್ಕೆ ನೆಲ ಸಿಗಲಿಲ್ಲ. ಬೆರಳು ದಪ್ಪದ ಮಂಜುಗಡ್ಡೆಯ ಪದರ ಸಿಕ್ಕಿತು. ಸಲಿಕೆಯಲ್ಲಿ ಕುಟ್ಟಿ ಒಡೆದರೆ ಅದರ ಕೆಳಗೆ ಮತ್ತೂ ಒಂದು ಗೇಣು ಹಿಮ. ಗುಂಡಿಯ ಗೋಡೆಯಲ್ಲಿ ಎರಡೂ ಸ್ಪಷ್ಟವಾಗಿ ಕಾಣುತ್ತಿದ್ದವು, ಮೇಲಿನದು, ಕೆಳಗಿನದು, ನಡುವೆ ಗಾಜಿನಂಥ ಗೆರೆ. ಬಯಲಲ್ಲಿ ಹಿಮ ತೆಳ್ಳಗಿದ್ದು ಮಳೆನೀರು ನೆಲಕ್ಕೇ ಇಳಿದುಹೋಗಿತ್ತು. ದಟ್ಟ ಕಾಡಿನೊಳಗೆ ಮರಗಳು ಮಳೆಯನ್ನು ಕೆಳಗೆ ಬಿಟ್ಟಿರಲಿಲ್ಲ. ಅಂಚಿನಲ್ಲಿ ಮಾತ್ರ ಕೊಂಬೆಯಿಂದ ತೊಟ್ಟಿಕ್ಕಿದ್ದೆಲ್ಲ ಹೆಪ್ಪುಗಟ್ಟಿತ್ತು. ಹನ್ನೊಂದರಿಂದ ಹದಿನೇಳರವರೆಗೆ ಮಾತ್ರ. ನಿಮ್ಮ ವರ್ಷವೂ, ನೀವು ಬರುವ ಹಿಂದಿನ ವಾರ ಒಂದಿಡೀ ದಿನ ಮಳೆಯಾಗಿ, ಅದರ ಮೇಲೆ ಹಿಮ ಬಿದ್ದಿತ್ತು, ಅತ್ತೆ. ಮಳೆ ನನಗೆ ಗೊತ್ತಿತ್ತು. ಎಂಟೂವರೆ ತಿಂಗಳ ಹೊಟ್ಟೆ ಹೊತ್ತು ಕೋಲಿನ ಮೇಲೆ ಬಾಗಿ ಭಾರ ಹಾಕಲು ನನ್ನಿಂದಾಗುತ್ತಿರಲಿಲ್ಲ. ತಡೆದಲ್ಲಿಗೇ ನಿಲ್ಲಿಸಿದ್ದೆ. ತಪ್ಪು ಮಾಡಿದ್ದು ನಾನು.

ಗುಂಡಿಯ ದಡದಲ್ಲೇ ಕೂತೆ. ಎಷ್ಟು ಹೊತ್ತು ಕೂತೆನೋ, ಬಿರ್ಗಿಟ್ ಬೆಳ್ಳನೆಯ ಬಯಲು ದಾಟಿ ನಡೆದು ಬಂದರು. ಬಿದ್ದುಬಿಟ್ಟಳೇನೋ ಎಂದು ಹೆದರಿದ್ದರಂತೆ. ಒಳಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟರು. ಈ ವರ್ಷ ಅಮ್ಮ ಯಾಕೆ ಬರಲಿಲ್ಲ ಎಂದು ಕೇಳಿದರು. ಸ್ವೀಡಿಷ್‌ನಲ್ಲಿ ನನ್ನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು: ಅವರು ತೀರಿಕೊಂಡರು. ಬಿರ್ಗಿಟ್ ಲೋಟ ಕೆಳಗಿಟ್ಟರು. ಗುರುವಾರಕ್ಕೆ ಅವರಿಗೆಂದೇ ಬನ್ನು ಮಾಡುತ್ತಿದ್ದೆ, ಒಂದು ಸಲ ಶುಕ್ರವಾರ ಬಂದುಬಿಟ್ಟರು, ಕೊಡಲು ಏನೂ ಇರಲಿಲ್ಲ ಅಂದರು. ಹಿಂದಿನ ದಿನ ಅಳೆದು ಹೋಗಿದ್ದವರು ಯಾಕೆ ಬಂದರೆಂದು ಕಿಟಕಿಯಿಂದ ನೋಡುತ್ತಿದ್ದರಂತೆ. ನೀವು ಮೊದಲ ಗೂಟದಿಂದ ಕೊನೆಯದರವರೆಗೆ ಎಲ್ಲವನ್ನೂ ಮತ್ತೊಮ್ಮೆ ಅಳೆದಿರಂತೆ. ಅವತ್ತು ಫೀಕಾಗೆ ಒಳಗೆ ಬರಲಿಲ್ಲವಂತೆ, ಕೈಸನ್ನೆ ಮಾಡಿ ಹೋದಿರಂತೆ.

ನಾನು ನಿಮಗೆ ಅಂದಾಜು ಅಂದದ್ದು ಗುರುವಾರ. ಮರುದಿನ ಆಸ್ಪತ್ರೆಗೆ ಇರಾಳ ತೂಕ ನೋಡಿಸಲು ನಾವು ಹೋಗಿದ್ದೆವು. ತರಕಾರಿ ತರುತ್ತೇನೆ ಎಂದು ನೀವು ಹೇಳಿದ್ದಿರಿ.

ಮನೆಗೆ ಬಂದು, ನನ್ನ ಹಳೆಯ ಕಾಗದಗಳಿದ್ದ ಸೂಟ್‌ಕೇಸಿನಿಂದ ನಿಮ್ಮ ನೋಟ್‌ಬುಕ್ ತೆಗೆದೆ. ಇದೇ ಮೇಜು. ಮಂಜು ಇರಾಳನ್ನು ಕರೆತರಲು ಹೋಗಿದ್ದರು. ಮೊದಲ ಸಲ ಅಂಚಿನ ಟಿಪ್ಪಣಿ ಓದಿದೆ. 'ಗೂಟ ೧೪: ೨೧ಕ್ಕೆ ಗಟ್ಟಿ. ಒತ್ತಿದ ಮೇಲೆ ೩೪. ತುದಿಗೆ ಮಣ್ಣು, ಪಾಚಿ ಹತ್ತಿದೆ.' ಏಳೂ ಗೂಟಕ್ಕೂ ಹಾಗೇ, ಎರಡೆರಡು ಅಂಕಿ. ಪುಟ ಹಿಂದೆ ತಿರುಗಿಸಿದರೆ ನಿಮ್ಮ ಮೊದಲ ಗುರುವಾರಕ್ಕೂ ಅದೇ ಟಿಪ್ಪಣಿ. ಗಟ್ಟಿ ಎಂದು ಬರೆದ ಅಂಕಿಗಳನ್ನು ನನ್ನ ಹಳೆಯ ಅಳತೆಯ ಪಕ್ಕ ಇಟ್ಟು ನೋಡಿದೆ. ಒಂದು ಸೆಂಟಿಮೀಟರ್ ಅತ್ತಿತ್ತ, ಎಲ್ಲವೂ ನನ್ನವೇ. ನಾನು ಎಲ್ಲಿ ನಿಂತೆ ಎಂಬುದನ್ನೂ ನೀವು ಅಳೆದಿಟ್ಟಿದ್ದಿರಿ. ಕೊನೆಯ ಹಾಳೆಯಲ್ಲಿ ಶುಕ್ರವಾರದ ಮೂವತ್ತು ಅಂಕಿಗಳಿದ್ದವು. ಒಂದೂ ತಪ್ಪದೆ ಹಿಂದಿನ ದಿನದ, ಗುರುವಾರದ ಅಂಕಿಗಳಿಗೇ ಹೊಂದುತ್ತಿದ್ದವು. ಕೆಳಗೆ ಒಂದು ಸಾಲು: 'ಮತ್ತೆ ನೋಡಿದೆ. ಸರಿ ಇದೆ. ಸುಮಾಗೆ ಈಗ ಹೇಳುವುದು ಬೇಡ, ಬಾಣಂತಿ.'

ಯಾಕತ್ತೆ? ಹೇಳಿಬಿಡಬೇಕಿತ್ತಲ್ಲ. ಮೇ ತಿಂಗಳಲ್ಲಾದರೂ...

ಮಂಜು ಬಂದಾಗ ಎಲ್ಲ ಹೇಳಿದೆ. ಅವರಿಗೆ ಏನೂ ಗೊತ್ತಿರಲಿಲ್ಲ, ನೀವು ಮಗನಿಗೂ ದೂರಿರಲಿಲ್ಲ. ಅವರು ಟಿಪ್ಪಣಿಗಳನ್ನು ನಿಧಾನವಾಗಿ ಕೊನೆಯವರೆಗೆ ಓದಿದರು. ನನ್ನ ಮೇಲೆ ರೇಗುತ್ತಾರೆ ಎಂದು ಕಾದೆ. "ಅಮ್ಮ ನಿನ್ನ ಮೇಲೆ ಸಿಟ್ಟಾಗಿರಲಿಲ್ಲ ಅಂತ ನಾನು ಹೇಳಲಾರೆ. ಗೊತ್ತಿಲ್ಲ ನನಗೆ" ಅಂದರು. ಅಷ್ಟೇ. ಸಮಾಧಾನಕ್ಕೊಂದು ಸುಳ್ಳು ಹೇಳಲಿಲ್ಲ, ನಿಮ್ಮ ಮಗ. ಮರುದಿನ ನೋಟ್‌ಬುಕ್ ಹಿಡಿದು ಗೈಡ್ ಬಳಿ ಹೋದೆ. ಸಾಲು ಸಾಲಾಗಿ ಅನುವಾದಿಸಿ ಹೇಳಿದೆ. ಅವರು ಕನ್ನಡ ಅಂಕಿಗಳನ್ನು ಬೆರಳಿಟ್ಟು ಕಲಿತರು. ನಿಮ್ಮ ಅಳತೆಗಳು ವಾಪಸು ಬರಬೇಕು, ನನ್ನ ಆ ಜನವರಿಯ ಅಳತೆಗಳು ಹೋಗಬೇಕು, ಹಿಂದಿನ ಚಳಿಗಾಲಗಳಲ್ಲಿ ಮಳೆ ಬಂದ ವಾರಗಳನ್ನೂ ಮತ್ತೆ ತೂಗಿ ನೋಡಬೇಕು ಎಂದಾಯಿತು. ಒಂದು ಅಧ್ಯಾಯ ಪೂರ್ತಿ ಹೊಸದಾಗಿ ಬರೆಯಬೇಕಾಯಿತು. ಜೂನ್‌ನಲ್ಲಿ ಮುಗಿಯಬೇಕಿದ್ದ ಪಿಎಚ್.ಡಿ. ಅಕ್ಟೋಬರಿಗೆ ಹೋಯಿತು.

ಕಳೆದ ತಿಂಗಳು ಅದರ ಬಹಿರಂಗ ಪರೀಕ್ಷೆ ಇತ್ತು. ಇಲ್ಲಿ ಪ್ರಶ್ನೆ ಕೇಳಲೆಂದೇ ಬೇರೆ ವಿಶ್ವವಿದ್ಯಾಲಯದಿಂದ ಒಬ್ಬರನ್ನು ಕರೆಸುತ್ತಾರೆ. ಅವರು ಆ ಅಧ್ಯಾಯ ತೆರೆದು, ಇಲ್ಲಿ ಇಬ್ಬರು ಅಳೆದಿದ್ದೀರಿ, ಇಬ್ಬರದೂ ಹೊಂದುವುದಿಲ್ಲ, ಯಾರದನ್ನು ನಂಬಬೇಕು ಎಂದು ಕೇಳಿದರು. ನನ್ನದು ತಪ್ಪು, ನನ್ನ ಅತ್ತೆಯದು ಸರಿ ಎಂದೆ. ಅವರ ತರಬೇತಿ ಏನು ಎಂದರು. ಮೂವತ್ನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಲೆಕ್ಕ ಕಲಿಸಿದ್ದರು ಎಂದೆ. ಸಭೆಯಲ್ಲಿ ಒಂದಿಬ್ಬರು ನಕ್ಕರು. ಪ್ರಶ್ನೆ ಕೇಳಿದವರು ನಗಲಿಲ್ಲ. ಅವರ ಟಿಪ್ಪಣಿ ಪುಸ್ತಕ ನೋಡಬಹುದೇ ಅಂದರು. ಹಿಂದಿನ ಸಾಲಿನಲ್ಲಿ ಮಂಜು ಇರಾಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಬಗ್ಗಿಸಿದ್ದರು. ಅವರ ಪಕ್ಕ ಬಿರ್ಗಿಟ್ ಇದ್ದರು.

ನಮ್ಮ ಅಳತೆಗಳೆಲ್ಲ ಈಗ ಯಾರು ಬೇಕಾದರೂ ನೋಡಬಹುದಾದ ಪಟ್ಟಿಯಲ್ಲಿವೆ. ಅಳೆದವರು ಎಂಬ ಕಡೆ, ಆ ಚಳಿಗಾಲದ ನಿಮ್ಮ ಗುರುವಾರಗಳ ಎದುರಿಗೆ, ಒಂದು ಶುಕ್ರವಾರದ ಎದುರಿಗೂ, ನಿಮ್ಮ ಹೆಸರಿದೆ: ಗಿರಿಜಮ್ಮ, ಗಂಗಾವತಿ.

ಡಿಸೆಂಬರಿನಲ್ಲಿ ನಾವು ಮೂವರೂ ಬರುತ್ತಿದ್ದೇವೆ. ನಿಮ್ಮ ಶಾಲೆಯ ಈಗಿನ ಹೆಡ್‌ಮಿಸ್ ಮಂಜುವಿಗೆ ಫೋನ್ ಮಾಡಿ, ಸೊಸೆಯಿಂದ ಏಳನೇ ಕ್ಲಾಸಿನ ಮಕ್ಕಳಿಗೆ ಹಿಮದ ಬಗ್ಗೆ ಒಂದಿಷ್ಟು ಹೇಳಿಸಬಹುದೇ ಎಂದು ಕೇಳಿದ್ದಾರೆ. ಒಪ್ಪಿದ್ದೇನೆ. ಹಿಮದ ಕಥೆಗೆ ಮುಂಚೆ ನನ್ನದೊಂದು ಮಾತಿದೆ. ಗಿರಿಜಮ್ಮ ಟೀಚರ್ ನೆಲ ಮುಟ್ಟುವವರೆಗೆ ಅಳೆದಿದ್ದರು, ನಾನು ಅವರನ್ನು ನಂಬಲಿಲ್ಲ. ಇದನ್ನು ನಿಮ್ಮ ತರಗತಿಯಲ್ಲಿ, ಕರಿಹಲಗೆಯ ಮುಂದೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ.

ನಿಮ್ಮ ಸೊಸೆ,
ಸುಮಾ